ವಂದನಕ್ಕನ ಮೂರು ಗೋಲು, ನಮ್ಮಜ್ಜಿಯ ಒಂದು ಪ್ರಶ್ನೆ

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು. ಕೇಳಿದವರು ಬರೆದುಕೊಡಿ ಎಂದದ್ದಕ್ಕೆ ಬರೆದಿದ್ದೇನೆ. ಆಡಿದ್ದು ಆಡಿದ ಹಾಗೇ ಇರಲಿ ಅಂತ ಹೆಚ್ಚು ತಿದ್ದಿಲ್ಲ.)



ನನ್ನನ್ನು ಇಲ್ಲಿಗೆ ಕರೆದವರು ಕಾವ್ಯದ ಬಗ್ಗೆ ಮಾತಾಡಿ ಅಂದಿದ್ದರು. ಎರಡು ಪದ್ಯ ಓದಿ, ನಾಲ್ಕು ಮಾತು ಹೇಳಿ ಹೋಗೋಣ ಅಂತಲೇ ಬಂದೆ. ಆದರೆ ಒಳಗೆ ಬರುವಾಗ ಬಾಗಿಲ ಹತ್ತಿರ ಒಬ್ಬ ತಂಗಿ ಸಿಕ್ಕಿದಳು. ‘ಅಣ್ಣ, ನನ್ನನ್ನ ಕಾಲೇಜಿನ ವಾಲಿಬಾಲ್ ಟೀಮಿಗೆ ತಗೊಂಡವ್ರೆ. ಆದ್ರೆ ನಾನು ಹೋಗಲ್ಲ’ ಅಂದಳು. ಯಾಕಮ್ಮ ಅಂದೆ. ಸುಮ್ಮನೆ ನೆಲ ನೋಡಿದಳು. ಅವಳು ಹೇಳದೆ ಉಳಿಸಿಕೊಂಡ ಉತ್ತರ ನನಗೆ ಗೊತ್ತು. ನಮ್ಮ ಮನೆಯಲ್ಲಿ ಅದೇ ಉತ್ತರ ಎರಡು ವರ್ಷ ಅಟ್ಟದ ಮೇಲೆ ಕೂತಿತ್ತು. ಅದಕ್ಕೇ ಪದ್ಯ ಬಿಟ್ಟು ಹಾಕಿ ಮಾತಾಡ್ತೀನಿ. ನಾನು ಹಾಕಿ ಆಡಿದವನಲ್ಲ, ಕೋಲು ಹಿಡಿಯೋಕೂ ಬರೋದಿಲ್ಲ. ಮನೆಯವರ ಜೊತೆ ಕೂತು ನೋಡಿದವನು, ಅಷ್ಟೆ.

2021ನೇ ಇಸವಿ. ಕೊರೊನಾದ ಎರಡನೇ ಅಲೆ ಆಗತಾನೇ ಇಳಿದಿತ್ತು. ಹಾಸ್ಟೆಲು ಮುಚ್ಚಿ ನಾವೆಲ್ಲ ಊರು ಸೇರಿದ್ದೆವು. ಅಪ್ಪ ಗಾರೆ ಕೆಲಸದವನು, ಕೆಲಸ ಇರಲಿಲ್ಲ. ಅವ್ವ ಕೂಲಿಗೆ ಕರೆದ ದಿನ ಹೋಗುತ್ತಿದ್ದಳು. ಮನೆಯಲ್ಲಿ ಐದು ಜನ: ಅಜ್ಜಿ, ಅಪ್ಪ, ಅವ್ವ, ನಾನು, ನನ್ನ ತಂಗಿ. ಜಪಾನಿನ ಟೋಕಿಯೋದಲ್ಲಿ ಒಲಿಂಪಿಕ್ಸ್ ನಡೆಯುತ್ತಿತ್ತು. 2020ರಲ್ಲಿ ಆಗಬೇಕಿದ್ದ ಕೂಟ ಒಂದು ವರ್ಷ ತಡವಾಗಿ, ಜನವಿಲ್ಲದ ಮೈದಾನಗಳಲ್ಲಿ ಆಗುತ್ತಿತ್ತು. ಬೇರೆ ಕೆಲಸವಿಲ್ಲದ್ದಕ್ಕೆ ನೋಡುತ್ತಾ ಕೂತೆವು.

ನಮ್ಮ ಹೆಣ್ಣುಮಕ್ಕಳ ಹಾಕಿ ತಂಡದ ಮೇಲೆ ಯಾರಿಗೂ ಭರವಸೆ ಇರಲಿಲ್ಲ. 1980ರಲ್ಲಿ ಮಾಸ್ಕೋಗೆ ಹೋಗಿದ್ದು ಬಿಟ್ಟರೆ 36 ವರ್ಷ ಒಲಿಂಪಿಕ್ಸ್ ಬಾಗಿಲೇ ತೆರೆದಿರಲಿಲ್ಲ. 2016ರಲ್ಲಿ ರಿಯೋಗೆ ಹೋಗಿ ಕಟ್ಟಕಡೆಯ ಸ್ಥಾನ ತಗೊಂಡು ಬಂದಿದ್ದರು. ಟೋಕಿಯೋದಲ್ಲೂ ಮೊದಲ ಮೂರು ಆಟ ಸೋತರು. ನೆದರ್ಲೆಂಡ್ಸ್ ಎದುರು 1-5, ಜರ್ಮನಿ ಎದುರು 0-2, ಬ್ರಿಟನ್ ಎದುರು 1-4. ‘ಇವೇನು ಗೆಲ್ತಾವು, ಚಾನೆಲ್ ಬದಲಾಯಿಸ್ಲಾ’ ಅಂದ ಅಪ್ಪ. ನಾಲ್ಕನೆಯದರಲ್ಲಿ ಐರ್ಲೆಂಡಿನ ಎದುರು ಆಟ ಮುಗಿಯುವ ಹೊತ್ತಿಗೆ ಒಂದೇ ಒಂದು ಗೋಲು ಹೊಡೆದು ಜೀವ ಉಳಿಸಿಕೊಂಡರು.

ಮಾರನೇ ದಿನ, ಜುಲೈ 31, ಬೆಳಗ್ಗೆ, ದಕ್ಷಿಣ ಆಫ್ರಿಕಾದ ಎದುರು. ಅವ್ವ ರೊಟ್ಟಿ ತಟ್ಟುತ್ತಾ ನೋಡುತ್ತಿದ್ದಳು. ಅಜ್ಜಿ ಗೋಡೆಗೊರಗಿ ಎಲೆಅಡಿಕೆ ಕುಟ್ಟುತ್ತಿದ್ದಳು. ಅಜ್ಜಿಗೆ ಹಾಕಿ ಅಂದರೇನು ಗೊತ್ತಿಲ್ಲ. ಸ್ವಲ್ಪ ಹೊತ್ತು ನೋಡಿ, ‘ಇವು ಯಾಕ್ಲಾ ಹಿಂಗೆ ಬಗ್ಗಿ ಬಗ್ಗಿ ಓಡ್ತವೆ, ನಾಟಿ ಹಾಕೋರಂಗೆ’ ಅಂದಳು. ನಾವೆಲ್ಲ ನಕ್ಕೆವು. ಆದರೆ ಆ ಮಾತು ಸುಳ್ಳಲ್ಲ. ಐವತ್ತು ವರ್ಷ ಬೇರೆಯವರ ಗದ್ದೆಯಲ್ಲಿ ಬಗ್ಗಿದವಳ ಕಣ್ಣಿಗೆ ಮೊದಲು ಕಾಣೋದು ಸೊಂಟವೇ.

ನಾಲ್ಕನೇ ನಿಮಿಷಕ್ಕೆ ಗೋಲು. ಹೊಡೆದವಳು ವಂದನಾ ಕಟಾರಿಯಾ. ಅವರು ಸಮ ಮಾಡಿದರು. 17ನೇ ನಿಮಿಷಕ್ಕೆ ಮತ್ತೆ ವಂದನಾ. ಮತ್ತೆ ಸಮ ಮಾಡಿದರು. ನೇಹಾ ಗೋಯಲ್ ಮೂರನೆಯದು ಹೊಡೆದಳು, ಅದನ್ನೂ ಸಮ ಮಾಡಿದರು. ಅವ್ವನ ರೊಟ್ಟಿ ಹಂಚಿನ ಮೇಲೇ ಸೀದಿತು. 49ನೇ ನಿಮಿಷಕ್ಕೆ ಮೂರನೇ ಸಲ ಅದೇ ವಂದನಾ. 4-3. ಒಲಿಂಪಿಕ್ಸ್ ಆಟವೊಂದರಲ್ಲಿ ಮೂರು ಗೋಲು ಹೊಡೆದ ಮೊದಲ ಭಾರತದ ಹೆಣ್ಣುಮಗಳು. ನನ್ನ ತಂಗಿ ಎದ್ದು ನಿಂತುಬಿಟ್ಟಿದ್ದಳು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು. ಅವಳು ಹಾಗೆ ಎದ್ದು ನಿಂತದ್ದನ್ನು ನಾನು ಎರಡು ವರ್ಷದಿಂದ ನೋಡಿರಲಿಲ್ಲ.

ಆಗ ಅಜ್ಜಿ ಕೇಳಿದಳು: ‘ಲೇ ಮೊಗ, ಆ ಕೂಸು ನಮ್ಮೋಳಾ?’

ನಾನು ಕಲಿತವನಲ್ಲವಾ, ಬಿ.ಎ. ಓದಿದವನು! ನಕ್ಕುಬಿಟ್ಟೆ. ‘ಅಜ್ಜಿ, ಅಲ್ಲಿ ನಮ್ಮೋರು ನಿಮ್ಮೋರು ಅಂತ ಇಲ್ಲ ಕಣಜ್ಜಿ. ಎಲ್ಲಾರೂ ಇಂಡಿಯಾದೋರು’ ಅಂದೆ. ಅಜ್ಜಿ ‘ಅಂಗಾ’ ಅಂದು ಎಲೆಅಡಿಕೆ ಬಾಯಿಗೆ ಹಾಕಿಕೊಂಡಳು.

ಈಗ ಆ ಎರಡು ವರ್ಷದ ಮಾತು ಹೇಳಬೇಕು. ಹೇಳೋಕೆ ನಾಚಿಕೆ ಆಗುತ್ತೆ, ಆದರೂ ಹೇಳಬೇಕು.

2019ರಲ್ಲಿ ತಂಗಿ ಒಂಬತ್ತನೇ ಕ್ಲಾಸು. ಖೋ ಖೋ ಚೆನ್ನಾಗಿ ಆಡುತ್ತಿದ್ದಳು. ಕಂಬ ಹಿಡಿದು ತಿರುಗಿದರೆ ಗಾಳಿ ತಿರುಗಿದ ಹಾಗೆ. ಅಪ್ಪ ಸಂತೆಯಲ್ಲಿ ಬಿಳಿ ಕ್ಯಾನ್ವಾಸ್ ಶೂ ತಂದುಕೊಟ್ಟಿದ್ದ. ಟೀಮನ್ನು ಪಂದ್ಯಕ್ಕೆ ಅಂತ ಬೇರೆ ಊರಿಗೆ ಕರಕೊಂಡು ಹೋದರು. ಮಧ್ಯಾಹ್ನ ಒಬ್ಬ ದೊಡ್ಡ ಮನುಷ್ಯರ ಮನೆಯಲ್ಲಿ ಊಟ. ಹನ್ನೆರಡು ಜನರ ತಂಡ. ಬಾಗಿಲಲ್ಲಿ ಯಾರೋ ಏನೋ ಪಿಸುಗುಟ್ಟಿದರು. ಹತ್ತು ಮಕ್ಕಳು ಒಳಗೆ ಹೋದರು. ನನ್ನ ತಂಗಿ ಮತ್ತು ನಮ್ಮ ಕೇರಿಯದೇ ಇನ್ನೊಂದು ಮಗು ಜಗಲಿಯ ಮೇಲೆ. ಒಳಗೆ ಬಾಳೆ ಎಲೆ, ಹೊರಗೆ ಕಾಗದದ ತಟ್ಟೆ. ಊಟ ಆದ ಮೇಲೆ ಹನ್ನೆರಡೂ ಜನ ಒಟ್ಟಿಗೇ ಆಡಿದರು, ಒಟ್ಟಿಗೇ ಗೆದ್ದರು. ತಂಗಿ ಮೂರು ಜನರನ್ನು ಔಟ್ ಮಾಡಿದ್ದಳಂತೆ. ಗೆದ್ದು ಬಂದವಳು ಶೂ ಬಿಚ್ಚಿ ಅಟ್ಟದ ಮೇಲೆ ಎಸೆದಳು. ‘ನಾಳೆಯಿಂದ ಹೋಗಲ್ಲ’ ಅಂದಳು.

ಗೆಳೆಯರೆ, ಆಗ ನಾನು ಏನು ಮಾಡಿದೆ ಗೊತ್ತಾ? ನಾನು ಆಗಲೇ ಪದ್ಯ ಬರೆಯುತ್ತಿದ್ದೆ. ಬೆಂಕಿ, ಕೆಂಡ, ಕ್ರಾಂತಿ ಎಲ್ಲಾ ಇದ್ದವು ಆ ಪದ್ಯಗಳಲ್ಲಿ. ಸಭೆಗಳಲ್ಲಿ ಓದಿ ಶಭಾಷ್ ಅನ್ನಿಸಿಕೊಂಡಿದ್ದೆ. ಅಂಥಾ ನಾನು ತಂಗಿಗೆ ಹೇಳಿದ್ದು ಇಷ್ಟೆ: ‘ಹೋಗ್ಲಿ ಬಿಡು, ಮುಂದಿನ ವರ್ಷ ಎಸ್ಸೆಲ್ಸಿ ಐತೆ, ಓದ್ಕೊ.’ ನನ್ನ ಕೆಂಡವೆಲ್ಲ ನನ್ನ ಮನೆ ಜಗಲಿಗೆ ಬಂದಾಗ ಬೂದಿ ಆಗಿತ್ತು. ಅಪಮಾನವನ್ನು ಆ ಮಗು ಒಬ್ಬಳೇ ಹೊತ್ತುಕೊಂಡು ಬಂದಿತ್ತು. ಇಳಿಸಿಕೊಳ್ಳೋಕೆ ಅಣ್ಣ ಕೈ ಕೊಡಲಿಲ್ಲ. ಓದಿನ ನೆಪದಲ್ಲಿ ಅದನ್ನು ಇನ್ನೂ ಗಟ್ಟಿಯಾಗಿ ತಲೆಗೆ ಕಟ್ಟಿದೆ.

ಮತ್ತೆ ಟೋಕಿಯೋಗೆ ಬರೋಣ. ಆಗಸ್ಟ್ 2ರಂದು ಆಸ್ಟ್ರೇಲಿಯಾದ ಎದುರು ಆಟ. ಅವರು ಅಲ್ಲಿತನಕ ಒಂದೂ ಸೋತಿರಲಿಲ್ಲ. ಗುರ್ಜಿತ್ ಕೌರ್ ಪೆನಾಲ್ಟಿ ಕಾರ್ನರಿನಲ್ಲಿ ಒಂದು ಗೋಲು ಹೊಡೆದಳು. ಉಳಿದದ್ದೆಲ್ಲ ಗೋಲಿಯ ಕೆಲಸ. ಸವಿತಾ ಗೋಡೆಯ ಹಾಗೆ ನಿಂತಳು. 1-0. ಭಾರತದ ಹೆಣ್ಣುಮಕ್ಕಳು ಮೊದಲ ಸಲ ಒಲಿಂಪಿಕ್ಸ್ ಸೆಮಿಫೈನಲ್ಲಿಗೆ ಬಂದರು. ಆ ಮಕ್ಕಳು ಎಲ್ಲಿಯವರು ಅಂತ ನೋಡಿ. ಕ್ಯಾಪ್ಟನ್ ರಾಣಿ ರಾಂಪಾಲ್ ಹರಿಯಾಣದ ಶಾಹಬಾದಿನ ಗಾಡಿ ಎಳೆಯುವವರ ಮಗಳು. ದಿನಾ ಅರ್ಧ ಲೀಟರ್ ಹಾಲು ತರಬೇಕು ಅಂತ ಕೋಚ್ ಹೇಳಿದಾಗ ಮನೆಯಲ್ಲಿ ಅಷ್ಟಕ್ಕೆ ದುಡ್ಡಿಲ್ಲದೆ ನೀರು ಬೆರೆಸಿ ಕುಡಿದೆ ಅಂತ ಅವಳೇ ಹೇಳಿಕೊಂಡಿದ್ದಾಳೆ. ಸಲೀಮಾ ಟೆಟೆ ಜಾರ್ಖಂಡಿನ ಸಿಮ್ಡೇಗಾ ಜಿಲ್ಲೆಯ ಆದಿವಾಸಿ ಹುಡುಗಿ. ಹಾಲಿಗೆ ನೀರು ಬೆರೆಸುವ ಲೆಕ್ಕ ನಮ್ಮ ಅವ್ವಂದಿರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆಗಸ್ಟ್ 4ರಂದು ಮಧ್ಯಾಹ್ನ ಸೆಮಿಫೈನಲ್. ಅರ್ಜೆಂಟೀನಾ ಎದುರು ಎರಡನೇ ನಿಮಿಷಕ್ಕೇ ಗುರ್ಜಿತ್ ಗೋಲು. ಆಮೇಲೆ ಅವರದು ಎರಡು. 1-2. ಸೋತರು. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಟ ಅಂದ ಮೇಲೆ ಸೋಲು ಇದ್ದದ್ದೇ, ಇನ್ನೂ ಕಂಚಿನ ಪದಕದ ಆಟ ಇದೆ ಅಂತ ನಾನು ಸಮಾಧಾನ ಹೇಳಿದೆ.

ಮಾರನೇ ದಿನ ಸುದ್ದಿ ಬಂತು. ಉತ್ತರಾಖಂಡದ ಹರಿದ್ವಾರ ಜಿಲ್ಲೆಯ ರೋಶನಾಬಾದ್ ಅನ್ನೋ ಊರು. ವಂದನಾ ಕಟಾರಿಯಾಳ ಮನೆ. ತಂಡ ಸೋತ ದಿನ ಮೇಲುಜಾತಿಯ ಗಂಡಸರು ಆ ಮನೆ ಮುಂದೆ ಪಟಾಕಿ ಹೊಡೆದರು. ಕುಣಿದರು. ಜಾತಿ ಹಿಡಿದು ಬೈದರು. ತಂಡದಲ್ಲಿ ದಲಿತರು ಜಾಸ್ತಿ ಆಗಿದ್ದಕ್ಕೇ ಸೋತಿದ್ದು ಅಂದರು. ಮನೆಯವರು ಪೊಲೀಸರಿಗೆ ದೂರು ಕೊಟ್ಟರು. ದೌರ್ಜನ್ಯ ತಡೆ ಕಾಯ್ದೆಯಲ್ಲಿ ಕೇಸಾಯಿತು, ಬಂಧನವೂ ಆಯಿತು.

ಆ ಸುದ್ದಿಯನ್ನು ನಾನು ಫೋನಿನಲ್ಲಿ ಗಟ್ಟಿಯಾಗಿ ಓದಿದೆ. ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ಅಜ್ಜಿ, ‘ನಾನು ಅವತ್ತೇ ಕೇಳ್ನಿಲ್ವಾ ಮೊಗ, ನಮ್ಮೋಳಾ ಅಂತ’ ಅಂದಳು.

ನೋಡಿ ಗೆಳೆಯರೆ, ಮೂರು ಗೋಲು ಹೊಡೆದ ದಿನ ಅವಳ ಜಾತಿ ಯಾರಿಗೂ ಬೇಕಿರಲಿಲ್ಲ. ಅವತ್ತು ಅವಳು ಭಾರತದ ಮಗಳು. ನಾಲ್ಕು ದಿನ ಕಳೆದು ತಂಡ ಸೋತಾಗ ಒಂದೇ ಏಟಿಗೆ ಅವಳು ಕೇರಿಯ ಮಗಳಾದಳು. ಅವಳು ನಮ್ಮವಳು ಅಂತ ನಮ್ಮ ಮನೆಗೆ ತಿಳಿಸಿದ್ದು ಆ ಪಟಾಕಿ. ಗೆಲುವು ಎಲ್ಲರದ್ದು, ಸೋಲು ಮಾತ್ರ ಹೊಲಗೇರಿಯದ್ದು. ಇದೇ ಲೆಕ್ಕ ಕಾಲೇಜಿನಲ್ಲೂ ನಡೆಯುತ್ತೆ. ನೀವು ಫಸ್ಟ್ ಕ್ಲಾಸ್ ಬಂದರೆ ಕಾಲೇಜಿಗೆ ಕೀರ್ತಿ. ಫೇಲಾದರೆ ‘ಕೋಟಾದೋರು ಇಷ್ಟೇ’. ಹೌದಾ ಇಲ್ವಾ?

ಅಪ್ಪ ಎದ್ದು ಟೀವಿ ಆರಿಸಿದ. ‘ಎಷ್ಟು ಮೇಲಕ್ಕೋದ್ರೂ ಕೊನೇಗೆ ತಂದು ಕೇರೀಲೇ ನಿಲ್ಲಿಸ್ತಾರೆ. ಸಾಕು ಬುಡ್ರಪ್ಪಾ’ ಅಂದ. ಆಗ ತಂಗಿ ಬಾಯಿಬಿಟ್ಟಳು: ‘ನಾಳೆ ಬೆಳಿಗ್ಗೆ ಆಟ ಐತಲ್ಲ ಅಣ್ಣ, ಅವಳು ಆಡ್ತಾಳಾ?’

ನನಗೆ ಉತ್ತರ ಗೊತ್ತಿರಲಿಲ್ಲ. ಆದರೆ ಅವಳು ಕೇಳುತ್ತಿರುವುದು ಹಾಕಿಯ ಮಾತಲ್ಲ ಅಂತ ಗೊತ್ತಾಯಿತು.

ಆ ರಾತ್ರಿ ವಂದನಾ ಬಗ್ಗೆ ಸಿಕ್ಕಿದ್ದೆಲ್ಲ ಹುಡುಕಿ ತಂಗಿಗೆ ಓದಿ ಹೇಳಿದೆ. ಹೆಣ್ಣುಮಗಳಿಗೆ ಆಟ ಯಾಕೆ ಅನ್ನೋ ಊರಲ್ಲಿ ಮರದ ಕೊಂಬೆಯನ್ನೇ ಕೋಲು ಮಾಡಿಕೊಂಡು ಆಡಿದವಳು. ಬೆನ್ನಿಗೆ ನಿಂತವರು ಅವರಪ್ಪ. ಒಲಿಂಪಿಕ್ಸ್‌ಗೆ ಎರಡು ತಿಂಗಳ ಹಿಂದೆ, 2021ರ ಮೇ ತಿಂಗಳಲ್ಲಿ, ಆ ಅಪ್ಪ ತೀರಿಕೊಂಡರು. ವಂದನಾ ಎಲ್ಲಿದ್ದಳು ಗೊತ್ತಾ? ನಮ್ಮ ಬೆಂಗಳೂರಿನಲ್ಲಿ. ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ, ತಂಡದ ಶಿಬಿರದಲ್ಲಿ. ಕೊರೊನಾ ಕಾಲ. ಅಪ್ಪನ ಮಣ್ಣಿಗೂ ಹೋಗಲಾಗಲಿಲ್ಲ. ನಾವು ಇಲ್ಲಿ ಹಾಸ್ಟೆಲಿನಿಂದ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೋಗಿದ್ದ ದಿನಗಳಲ್ಲಿ, ನಮ್ಮದೇ ರಾಜಧಾನಿಯಲ್ಲಿ ಒಬ್ಬ ಹೆಣ್ಣುಮಗಳು ಅಪ್ಪನನ್ನು ಕಳೆದುಕೊಂಡೂ ಮೈದಾನಕ್ಕೆ ಹೋಗುತ್ತಿದ್ದಳು. ಅದನ್ನು ಕೇಳಿದ ಮೇಲೆ ತಂಗಿ ಅವಳನ್ನು ‘ವಂದನಕ್ಕ’ ಅನ್ನತೊಡಗಿದಳು. ನಾನೂ ಹಾಗೇ ಕರೆಯುತ್ತೇನೆ.

ಆಗಸ್ಟ್ 6. ಬೆಳಗ್ಗೆ ಏಳಕ್ಕೆ ಆಟ. ಆರಿಸಿದ ಟೀವಿಯನ್ನು ಅಪ್ಪನೇ ಹಾಕಿದ. ಬ್ರಿಟನ್ ಎದುರು ಕಂಚಿನ ಪದಕಕ್ಕೆ. ನೀಲಿ ಅಂಗಿಯ ಮಕ್ಕಳು ಬಂದರು. ತಂಗಿ ಟೀವಿಯ ಹತ್ತಿರಕ್ಕೇ ಹೋಗಿ ಹುಡುಕಿದಳು. ‘ಬಂದವ್ಳೆ! ವಂದನಕ್ಕ ಬಂದವ್ಳೆ!’

ಬ್ರಿಟನ್ನಿನವರು ಎರಡು ಗೋಲು ಹೊಡೆದರು. ಮುಗಿಯಿತು ಅಂದುಕೊಂಡೆವು. 25ನೇ ನಿಮಿಷ, ಗುರ್ಜಿತ್. 26ನೇ ನಿಮಿಷ, ಮತ್ತೆ ಗುರ್ಜಿತ್. 29ನೇ ನಿಮಿಷ, ವಂದನಾ ಕಟಾರಿಯಾ. 3-2. ಐದೇ ನಿಮಿಷದಲ್ಲಿ ಮೂರು. ನಮ್ಮ ಮನೆಯ ಹೆಂಚು ಹಾರಿಹೋಗುವ ಹಾಗೆ ಕೂಗಿದೆವು. ಪಕ್ಕದ ಮನೆಯವರು ಏನಾಯ್ತು ಅಂತ ಓಡಿ ಬಂದರು. ಅಪ್ಪ ಯಾರಿಗೋ ಉತ್ತರ ಕೊಡುವವನ ಹಾಗೆ, ‘ಹೊಡೀರ್ಲಾ ಈಗ ಪಟಾಕಿಯ! ಹೊಡೀರಿ!’ ಅಂದ.

ಆಮೇಲೆ ಬ್ರಿಟನ್ನಿನವರು ಇನ್ನೆರಡು ಹೊಡೆದರು. 3-4. ಸೋತೆವು. ಪದಕ ಬರಲಿಲ್ಲ. ಮೈದಾನದಲ್ಲೇ ಕೂತು ಆ ಮಕ್ಕಳು ಅತ್ತರು, ಇಲ್ಲಿ ನಾವು ಅತ್ತೆವು. ಅಜ್ಜಿ ಮಾತ್ರ ಅಳಲಿಲ್ಲ. ‘ಬೈಸ್ಕಂಡೂ ಬಂದು ಆಡುದ್ಲಲ್ಲ, ಬುಡು’ ಅಂದಳು.

ಇನ್ನೊಂದು ಮಾತು ಮರೆಯಬಾರದು. ಆ ಸುದ್ದಿಯ ಬಗ್ಗೆ ಕ್ಯಾಪ್ಟನ್ ರಾಣಿ ರಾಂಪಾಲ್ ಸುಮ್ಮನಿರಲಿಲ್ಲ. ಇದು ನಾಚಿಕೆಗೇಡು ಅಂತ ಪತ್ರಕರ್ತರ ಮುಂದೆ ಬಹಿರಂಗವಾಗಿ ಹೇಳಿದಳು. ನಾವು ಬೇರೆ ಬೇರೆ ಕಡೆಯಿಂದ, ಬೇರೆ ಬೇರೆ ಧರ್ಮಗಳಿಂದ ಬಂದು ಒಟ್ಟಿಗೆ ಆಡುವವರು ಅಂದಳು. ಊರಲ್ಲಿ ಮನೆಯವರು ದೂರು ಕೊಟ್ಟರು, ಟೋಕಿಯೋದಲ್ಲಿ ಕ್ಯಾಪ್ಟನ್ ಬಾಯಿಬಿಟ್ಟಳು. ವಂದನಕ್ಕ ಮೈದಾನಕ್ಕೆ ಬಂದಾಗ ಒಬ್ಬಳೇ ಇರಲಿಲ್ಲ. ನನ್ನ ತಂಗಿ ಜಗಲಿಯ ಮೇಲೆ ಕೂತಾಗ ಒಳಗಿದ್ದ ಹತ್ತು ಜನರಲ್ಲಿ ಒಬ್ಬಳಾದರೂ ಎಲೆ ಬಿಟ್ಟೆದ್ದು ಹೊರಗೆ ಬಂದಿದ್ದರೆ? ಮನೆಗೆ ಬಂದಾಗ ಅಣ್ಣನಾದವನು ‘ನಡಿ, ಕೇಳೋಣ’ ಅಂದಿದ್ದರೆ? ಆ ಶೂ ಅಟ್ಟಕ್ಕೆ ಹೋಗುತ್ತಿರಲಿಲ್ಲ.

ಇದು ಇವತ್ತಿನ ಕತೆಯಲ್ಲ. ಪಲ್ವಂಕರ್ ಬಾಳೂ ಅನ್ನೋ ಹೆಸರು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ? ಕ್ರಿಕೆಟ್ ಹುಚ್ಚರು ಬೇಕಾದಷ್ಟು ಇದ್ದೀರಿ, ಆದರೂ ಕೇಳಿರಲಿಕ್ಕಿಲ್ಲ. 1876ರಲ್ಲಿ ನಮ್ಮ ಧಾರವಾಡದಲ್ಲಿ ಹುಟ್ಟಿದವನು, ಚಮ್ಮಾರರ ಮಗ. ಪುಣೆಯಲ್ಲಿ ಬಿಳಿಯರ ಕ್ಲಬ್ಬಿನ ಮೈದಾನ ನೋಡಿಕೊಳ್ಳುತ್ತಾ, ಅವರ ಅಭ್ಯಾಸಕ್ಕೆ ಚೆಂಡು ಎಸೆಯುತ್ತಾ ಎಸೆಯುತ್ತಾ ದೇಶದ ದೊಡ್ಡ ಸ್ಪಿನ್ ಬೌಲರ್ ಆದ. ಹಿಂದೂಗಳ ತಂಡಕ್ಕೆ ಅವನ ಎಡಗೈ ಬೇಕಾಯಿತು. ಅವನು ಮುಟ್ಟಿದ ಚೆಂಡನ್ನು ಮೇಲುಜಾತಿಯವರು ಮುಟ್ಟಿದರು. ಆದರೆ ಚಹಾದ ಹೊತ್ತಿಗೆ ಅವನು ಪೆವಿಲಿಯನ್ ಹೊರಗೆ, ಅವನಿಗೆ ಬೇರೆ ಮಣ್ಣಿನ ಕುಡಿಕೆ. ಚೆಂಡಿಗೆ ಮೈಲಿಗೆ ಇಲ್ಲ, ಬಟ್ಟಲಿಗೆ ಇದೆ! 1911ರಲ್ಲಿ ಇಂಗ್ಲೆಂಡಿಗೆ ಹೋಗಿ ನೂರಕ್ಕೂ ಮೇಲೆ ವಿಕೆಟ್ ತೆಗೆದ. ಆದರೂ ಅವನನ್ನು ಕ್ಯಾಪ್ಟನ್ ಮಾಡಲಿಲ್ಲ. 1920ರಲ್ಲಿ ಅವನ ತಮ್ಮಂದಿರಾದ ವಿಠಲ, ಶಿವರಾಮ ಇಬ್ಬರೂ ಈ ಅನ್ಯಾಯಕ್ಕೆ ನಾವು ಆಡೋದಿಲ್ಲ ಅಂತ ತಂಡದಿಂದ ಹೊರಗುಳಿದರು. ಊರೆಲ್ಲ ಆ ಮಾತಾಯಿತು. 1923ರಲ್ಲಿ ಅದೇ ವಿಠಲ ಆ ತಂಡದ ಕ್ಯಾಪ್ಟನ್ ಆದ. ಮುಂದೆ 1937ರ ಚುನಾವಣೆಯಲ್ಲಿ ಬಾಳೂ ಕಾಂಗ್ರೆಸ್ಸಿನಿಂದ ಬಾಬಾಸಾಹೇಬರ ಎದುರೇ ನಿಂತು ಸೋತ. ಆ ಕತೆ ಬೇರೆ, ಇನ್ನೊಂದು ದಿನ ಮಾತಾಡೋಣ.

ಬಾಳೂ ತಮ್ಮಂದಿರೂ ಆಟ ಬಿಟ್ಟರು, ನನ್ನ ತಂಗಿಯೂ ಆಟ ಬಿಟ್ಟಳು. ವ್ಯತ್ಯಾಸ ಏನು? ಅವರು ಸೇರಿ ಬಿಟ್ಟರು, ಯಾಕೆ ಬಿಡುತ್ತೇವೆ ಅಂತ ನಾಲ್ಕು ಜನಕ್ಕೆ ಹೇಳಿ ಬಿಟ್ಟರು. ಅದು ಹೋರಾಟ. ನನ್ನ ತಂಗಿ ಒಬ್ಬಳೇ, ಯಾರಿಗೂ ಹೇಳದೆ ಬಿಟ್ಟಳು. ಅದರಿಂದ ಆ ಮನೆಯ ಜಗಲಿಗೆ ಏನೂ ಆಗಲಿಲ್ಲ. ಅದು ಇನ್ನೂ ಅಲ್ಲೇ ಇದೆ, ಇನ್ನೊಂದು ಮಗುವಿಗೆ ಕಾಯುತ್ತಾ.

ಕಾಲೇಜು ತೆರೆದ ಮೇಲೆ ತಂಗಿ ಅಟ್ಟದಿಂದ ಶೂ ಇಳಿಸಿದಳು. ಹಾಕಿಕೊಳ್ಳೋಕೆ ನೋಡಿದರೆ ಆಗಲಿಲ್ಲ. ಎರಡು ವರ್ಷದಲ್ಲಿ ಕಾಲು ಬೆಳೆದಿತ್ತು. ಅಪ್ಪ ಬೇರೆ ತಂದ. ಕಾಲೇಜಿನ ಟೀಮಿಗೆ ಸೇರಿದಳು. ಈ ಸಲ ಮೊದಲ ದಿನವೇ ಗೆಳತಿಯರಿಗೆಲ್ಲ ಆ ಜಗಲಿಯ ಕತೆ ಹೇಳಿಬಿಟ್ಟಳು. ಬಾಯಿಬಿಟ್ಟು ಹೇಳೋದೇ ಕಷ್ಟ ಇತ್ತು, ಹೇಳಿದ ಮೇಲೆ ಸಲೀಸಾಯಿತು ಅಂತಾಳೆ. ಎಲ್ಲಿಗೆ ಹೋದರೂ ಹನ್ನೆರಡು ಜನಕ್ಕೂ ಒಂದೇ ಸಾಲು, ಇಲ್ಲದಿದ್ದರೆ ಯಾರಿಗೂ ಊಟ ಬೇಡ ಅಂತ ಅವರೇ ಮಾತಾಡಿಕೊಂಡರು. ಒಂದು ಕಡೆ ಅಂಥದ್ದೇ ಆಯಿತು. ಹನ್ನೆರಡೂ ಜನ ಎದ್ದು ಬಂದು, ರಸ್ತೆ ಬದಿ ಅಂಗಡಿಯಲ್ಲಿ ಬಾಳೆಹಣ್ಣು ತಿಂದು ಆಡಿದರು. ಆ ದಿನ ಸೋತರು. ಹನ್ನೆರಡೂ ಜನ ಸೋತರು. ಮನೆಗೆ ಬಂದವಳು ನಗುತ್ತಾ ಇದ್ದಳು.

ವಂದನಕ್ಕನಿಗೆ 2022ರಲ್ಲಿ ಪದ್ಮಶ್ರೀ ಕೊಟ್ಟರು. ದೇಶಕ್ಕೆ 320 ಆಟ ಆಡಿ, ಭಾರತದ ಬೇರಾವ ಹೆಣ್ಣುಮಗಳೂ ಆಡದಷ್ಟು ಆಡಿ, 2025ರ ಏಪ್ರಿಲಿನಲ್ಲಿ ನಿವೃತ್ತಳಾದಳು. ಒಳ್ಳೆಯದೇ. ಆದರೆ ಮನುಷ್ಯರು ಅನ್ನಿಸಿಕೊಳ್ಳೋಕೆ ನಮ್ಮ ಮಕ್ಕಳು ಮೂರು ಗೋಲು ಹೊಡೆಯಲೇಬೇಕಾ? ಸೋತರೂ, ಆಡೋಕೆ ಬರದಿದ್ದರೂ, ಸುಮ್ಮನೆ ಮೈದಾನದಲ್ಲಿ ಓಡಾಡಿದರೂ ನಮಗೆ ಒಳಗೇ ಎಲೆ ಹಾಕಬೇಕು. ನಮ್ಮ ಬೇಡಿಕೆ ಇಷ್ಟೇ.

ಈ ಹಾಸ್ಟೆಲಿನ ಆಟದ ಸಾಮಾನು ಎಲ್ಲಿದೆ ಅಂತ ನಾಳೆ ಹೋಗಿ ವಾರ್ಡನ್ನರನ್ನು ಕೇಳಿ. ಒಬ್ಬರೇ ಹೋಗಬೇಡಿ. ಸಂಜೆ ಮೈದಾನವನ್ನು ಗಂಡುಹುಡುಗರೇ ತುಂಬಿಕೊಂಡಿದ್ದೀರಿ. ವಾರದಲ್ಲಿ ಮೂರು ದಿನ ತಂಗಿಯರಿಗೆ ಬಿಡಿ. ಮುಂದಿನ ಸಲ ದೊಡ್ಡ ಆಟ ಬಂದಾಗ ಅಜ್ಜಿಯನ್ನೂ ಅವ್ವನನ್ನೂ ಕೂರಿಸಿಕೊಂಡು ನೋಡಿ. ಅವರು ಪ್ರಶ್ನೆ ಕೇಳಿದರೆ ನನ್ನ ಹಾಗೆ ನಗಬೇಡಿ. ಎಲ್ಲಾದರೂ ಜಗಲಿ ತೋರಿಸಿದರೆ, ಬಂದು ಹೇಳಿ. ರಾತ್ರಿಯಾದರೂ ಸರಿ, ಹೇಳಿ. ಕಾನೂನು ಇದೆ, ಸಂಘಟನೆ ಇದೆ, ನಾವಿದ್ದೀವಿ.

ಬಾಗಿಲ ಹತ್ತಿರ ಸಿಕ್ಕ ತಂಗಿ, ನೀನು ಟೀಮಿಗೆ ಹೋಗಲೇಬೇಕು ಅಂತ ನಾನು ಅಪ್ಪಣೆ ಮಾಡೋದಿಲ್ಲ. ಬಿಡೋದಾದರೆ ಒಬ್ಬಳೇ ಬಿಡಬೇಡ, ಇಲ್ಲಿ ಎಲ್ಲರಿಗೂ ಕಾರಣ ಹೇಳಿ ಬಿಡು. ಹೋಗೋದಾದರೆ ನಾಳೆ ಅಭ್ಯಾಸ ಎಷ್ಟು ಹೊತ್ತಿಗೆ ಅಂತ ಹೇಳು. ನಾವು ನಾಲ್ಕು ಜನ ಮೈದಾನದ ಪಕ್ಕ ಬಂದು ಕೂರ್ತೀವಿ.

ಜೈ ಭೀಮ್.